ಡಂಗುರ ಹೊಡೆದವರು, ಸುದ್ದಿ ಬರೆದವರು: ಕಾರಿಮಂಗಲಂ ಸೀಮೆಯಿಂದ ಸಮುದಾಯ ಮಾಧ್ಯಮದ ಬಗ್ಗೆ ಒಂದು ತಕರಾರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತು ಮತ್ತು ಅದರ ನಂತರ ನಡೆದ ಚರ್ಚೆಯ ಒಂದು ಭಾಗ. ಮಾತಿನ ಲಯವನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ನನಗೆ ಕೊಟ್ಟ ವಿಷಯ 'ಅಂಚಿನ ಕೇರಿಗಳ ಸಮುದಾಯ ಮಾಧ್ಯಮ: ನಿರ್ವಸಾಹತೀಕರಣದ ಚಳವಳಿಯಾಗಿ'. ಇದರಲ್ಲಿ ಕೇರಿಯನ್ನೂ ಸಮುದಾಯ ಮಾಧ್ಯಮವನ್ನೂ ಒಪ್ಕೊಂಡು, ನಿರ್ವಸಾಹತೀಕರಣ ಅನ್ನೋ ಮೂರನೇ ಮಾತಿನ ಜೊತೆ ಸ್ವಲ್ಪ ಜಗಳ ಆಡೋದು ನನ್ನ ಉದ್ದೇಶ. ನಾನು ಕಾರಿಮಂಗಲಂ ಕಡೆಯವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕನ್ನಡದ ಅಕ್ಷರ ಕಲಿತದ್ದು ಬೆಂಗಳೂರಿಗೆ ಬಂದ ಮೇಲೆ. ನಮ್ಮ ಕಡೆ ಯಾರ ಹತ್ತಿರವಾದ್ರೂ 'ನಿರ್ವಸಾಹತೀಕರಣ' ಅಂದ್ರೆ, 'ಅದೇನು ಹೊಸ ಸ್ಕೀಮಾ?' ಅಂತ ಕೇಳ್ತಾರೆ. ಆ ಪ್ರಶ್ನೆಯನ್ನ ನಾನು ತಮಾಷೆಯಾಗಿ ತಗೊಳ್ಳೋದಿಲ್ಲ.

ಸಮುದಾಯ ಬಾನುಲಿ ಕುರಿತ ನಮ್ಮ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನುಡಿಗಟ್ಟಿದೆ: ದನಿ ಇಲ್ಲದವರಿಗೆ ದನಿ ಕೊಡುವುದು. ಈ ವಾಕ್ಯದ ಮೇಲೇ ನನ್ನ ತಕರಾರು. ನಮ್ಮ ಸೀಮೆಯ ಕೇರಿಗಳಿಗೆ ದನಿ ಇಲ್ಲದೇ ಇದ್ದ ಕಾಲವೇ ಇಲ್ಲ. ಊರಿನ ಮಾಧ್ಯಮವೇ ಕೇರಿ. ಸಾವಿನ ಸುದ್ದಿ ನೆಂಟರ ಊರಿಗೆ ಮುಟ್ಟಿಸುವವನು, ಜಾತ್ರೆಯ ದಿನ ಸಾರುವವನು, ಕಂದಾಯದ ಗಡುವನ್ನೂ ಜಪ್ತಿಯನ್ನೂ ಕೂಗಿ ಹೇಳುವವನು ಕರ್ನಾಟಕದಲ್ಲಿ ತೋಟಿ, ತಮಿಳುನಾಡಿನಲ್ಲಿ ವೆಟ್ಟಿಯಾನ್. ಕೈಯಲ್ಲಿ ತಮಟೆ, ಇಲ್ಲವೇ ಪರೈ. ತಮಿಳಿನ 'ಪರೈ' ಅನ್ನೋ ಮಾತಿಗೆ ವಾದ್ಯ ಅನ್ನೋ ಅರ್ಥದ ಜೊತೆಗೆ 'ಹೇಳು' ಅನ್ನೋ ಅರ್ಥವೂ ಇದೆ, ಮಲಯಾಳದಲ್ಲಿ ಇವತ್ತಿಗೂ ಹೇಳುವುದಕ್ಕೆ 'ಪರಯುಕ' ಅಂತಾರೆ. ವಾದ್ಯದ ಹೆಸರು ಜಾತಿಗೆ ಅಂಟಿತು. ಆ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ ಬಹಿಷ್ಕೃತ ಅನ್ನೋ ಅರ್ಥದಲ್ಲಿ ಲೋಕವೆಲ್ಲ ಸುತ್ತಿತು. ಹೇಳುವವರು ಅಂತ ಹೆಸರಿದ್ದವರನ್ನು ದನಿ ಇಲ್ಲದವರು ಅಂತ ಕರೆಯೋದು ವಿಚಿತ್ರ ಅಲ್ವಾ?

ಅವರಿಗೆ ಇಲ್ಲದೇ ಇದ್ದದ್ದು ಸುದ್ದಿಯ ಒಡೆತನ. ಡಂಗುರ ಹೊಡೆಯುವವನ ಬಾಯಲ್ಲಿ ಬರೋದು ಯಾವಾಗಲೂ ಬೇರೆಯವರ ಮಾತು, 'ಇಂಥವರ ಅಪ್ಪಣೆ' ಅಂತ ಶುರುವಾಗುವ ಮಾತು. ಅವನ ಮನೆಯಲ್ಲಿ ಏನಾಯ್ತು, ಯಾರು ಮಾಡಿದ್ರು ಅನ್ನೋದನ್ನ ಆ ತಮಟೆಯ ಮೇಲೆ ಸಾರುವ ಹಾಗಿರಲಿಲ್ಲ. ಕೇರಿಯ ಮಾಧ್ಯಮವನ್ನ ಅಳೆಯೋಕೆ ನನ್ನ ಹತ್ತಿರ ಇರೋದು ಈ ಒಂದೇ ಅಳತೆಗೋಲು: ಅಲ್ಲಿ ಮಾತಾಡುವವರು ಬೇರೆಯವರ ಅಪ್ಪಣೆಯನ್ನ ಸಾರ್ತಿದ್ದಾರಾ, ಅಥವಾ 'ಹೀಗಾಯ್ತು, ಇವರು ಮಾಡಿದ್ರು' ಅಂತ ತಮ್ಮ ಹೆಸರಲ್ಲಿ ಹೇಳ್ತಿದ್ದಾರಾ?

ವಸಾಹತು ಆಡಳಿತಕ್ಕೂ ಈ ಡಂಗುರ ಬೇಕಿತ್ತು. ಕಾರಿಮಂಗಲಂ ಇರುವ ಸೀಮೆಗೆ ಆಗ ಬಾರಾಮಹಲ್ ಅಂತ ಹೆಸರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಇದೂ ಒಂದು. ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ ಇಲ್ಲಿ ಹೊಲ ಹೊಲ ಅಳೆದು, ಮುಂದೆ ರೈತವಾರಿ ಅಂತ ಹೆಸರಾದ ಪದ್ಧತಿಯನ್ನ ಪ್ರಯೋಗ ಮಾಡಿದ್ರು. ಅದರ ಜೊತೆಗೆ ಯಾವ ಜಾತಿ, ಯಾವ ಮಾತು, ಯಾವ ಕಸುಬು ಅಂತ ಬರೆಸಿದ್ರು. ಅದು 'ಬಾರಾಮಹಲ್ ದಾಖಲೆಗಳು' ಅಂತ ಆಮೇಲೆ ಅಚ್ಚಾಯ್ತು. ನೂರಿಪ್ಪತ್ತು ವರ್ಷ ಕಳೆದ ಮೇಲೆ ಗ್ರಾಮಫೋನ್ ಬಂತು. ಭಾರತದ ಭಾಷಾ ಸಮೀಕ್ಷೆಯವರು ಬೇರೆ ಬೇರೆ ಭಾಷೆಯವರ ದನಿಯನ್ನ ತಟ್ಟೆಗಳಲ್ಲಿ ಹಿಡಿದರು. ಮಾದರಿಗೆ ಅಂತ ಹೆಚ್ಚಿನವರ ಕೈಲಿ ಹೇಳಿಸಿದ್ದು ಒಂದೇ ಕತೆ, ಬೈಬಲಿನ ದಾರಿ ತಪ್ಪಿದ ಮಗನ ಕತೆ. ಅಂದ್ರೆ ವಸಾಹತುಶಾಹಿ ಎಲ್ಲರ ಬಾಯಿ ಮುಚ್ಚಿಸಿತು ಅನ್ನೋದು ಅರ್ಧ ಸತ್ಯ. ಅದು ಬಾಯಿ ತೆರೆಸಿತು, ದನಿಯನ್ನ ಮಾದರಿಯಾಗಿ ಶೇಖರಿಸಿತು, ಹೇಳಬೇಕಾದ ಮಾತನ್ನ ತಾನೇ ಕೊಟ್ಟಿತು. ಸ್ಥಳೀಯ ದನಿ ಕೇಳಿಸಿದ ಕೂಡಲೇ ವಸಾಹತು ಕಳಚಿತು ಅಂತ ಬರೆಯುವ ಗೆಳೆಯರು ಆ ತಟ್ಟೆಗಳನ್ನ ಒಮ್ಮೆ ನೆನಪಿಸಿಕೊಳ್ಳಬೇಕು.

ಈಗ ಬೂದಿಕೋಟೆಗೆ ಬರ್ತೀನಿ. ಕಾರಿಮಂಗಲಂ ಬಿಟ್ಟು ಅಲ್ಲಿಗೆ ಯಾಕೆ ಅಂತ ಕೇಳಬಹುದು. ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಅಂಟಿಕೊಂಡಿದೆ. ಆ ಕೃಷ್ಣಗಿರಿ 2004ರವರೆಗೆ ಧರ್ಮಪುರಿ ಜಿಲ್ಲೆಯ ಭಾಗ, ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗ. ಗಡಿ ಅನ್ನೋದು ನಕ್ಷೆಯಲ್ಲಿ. ಜನ, ದನ, ರಾಗಿ, ಮಾತು ಎಲ್ಲ ಆಚೀಚೆ ಓಡಾಡಿಕೊಂಡೇ ಇವೆ. ಹೈದರಾಲಿ ಹುಟ್ಟಿದ್ದು ಅಂತ ಹೇಳುವ ಈ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಶುರುವಾಯ್ತು. ಭಾರತದ ಸಮುದಾಯ ಬಾನುಲಿಯ ಇತಿಹಾಸ ಬರೆಯುವವರು ಯಾರೂ ಇದನ್ನ ಬಿಡೋ ಹಾಗಿಲ್ಲ.

ಹಿನ್ನೆಲೆ ನಿಮಗೆ ಗೊತ್ತಿರೋದೇ. 1885ರ ಇಂಡಿಯನ್ ಟೆಲಿಗ್ರಾಫ್ ಕಾಯ್ದೆ ತಂತಿ, ನಿಸ್ತಂತು ಎರಡರ ಹಕ್ಕನ್ನೂ ಸರ್ಕಾರದ ಕೈಲಿ ಇಟ್ಟಿತ್ತು. ಸ್ವಾತಂತ್ರ್ಯ ಬಂದ ಮೇಲೂ ಅದು ಹಾಗೇ ಉಳೀತು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳವೊಂದರಲ್ಲಿ, ಗಾಳಿಯ ಅಲೆಗಳು ಸಾರ್ವಜನಿಕ ಆಸ್ತಿ ಅಂತ ತೀರ್ಪು ಕೊಟ್ಟಿತು. 1996ರಲ್ಲಿ ವಾಯ್ಸಸ್ ಸಂಸ್ಥೆ ಕರೆದ ಸಭೆಯಿಂದ ಬೆಂಗಳೂರು ಘೋಷಣೆ ಬಂತು. ಆದರೂ ಹಳ್ಳಿಯ ಸಂಘವೊಂದು ಗಾಳಿಯಲ್ಲಿ ಮಾತಾಡೋಕೆ ಪರವಾನಗಿ ಇರಲಿಲ್ಲ. ವಾಯ್ಸಸ್, ಮೈರಾಡಾ ಎರಡೂ ಸೇರಿ, ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ ಒಂದು ಸ್ಟುಡಿಯೋ ಮಾಡಿದ್ರು. ಸ್ವಸಹಾಯ ಸಂಘಗಳ ಹೆಂಗಸರು ಕಾರ್ಯಕ್ರಮ ಮಾಡಿ ಕ್ಯಾಸೆಟ್ಟಿಗೆ ಹಾಕಿ ಸಂಘದ ಸಭೆಗಳಲ್ಲಿ ಕೇಳಿಸಿದ್ರು. 2003ರಲ್ಲಿ ಒಂದು ಉಪಾಯ ಹೂಡಿದ್ರು: ಗಾಳಿಗೆ ಪರವಾನಗಿ ಬೇಕು, ಕೇಬಲ್ಲಿಗೆ ಆ ತೊಡಕಿಲ್ಲ. ಊರಿನ ಕೇಬಲ್ ಟಿವಿ ತಂತಿಯಲ್ಲೇ ರೇಡಿಯೋ ಹರಿಸಿದ್ರು. ಟಿವಿ ಹಾಕಿದ್ರೆ ಪಕ್ಕದ ಮನೆಯವರ ದನಿ.

ಇದನ್ನ ನಾನು ಕಡಿಮೆ ಮಾಡಿ ಹೇಳ್ತಿಲ್ಲ. 1885ರ ಕಾಯ್ದೆಯನ್ನ ಮುರಿಯದೆ ಅದರ ಸಂದಿಯಲ್ಲಿ ನುಸುಳಿದ ಜಾಣತನ ಅದು. ಆ ಕಾಲದಲ್ಲಿ ಇಡೀ ದೇಶಕ್ಕೆ 'ಆಗುತ್ತೆ' ಅಂತ ತೋರಿಸಿದ ಊರುಗಳು ಬೆರಳೆಣಿಕೆ. ಮೇದಕ್ ಜಿಲ್ಲೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಹೆಂಗಸರು ಸ್ಟುಡಿಯೋ ಕಟ್ಟಿಕೊಂಡು ಸುಮಾರು ಹತ್ತು ವರ್ಷ ಪರವಾನಗಿಗೆ ಕಾದರು. ಅವರ ಸಂಘಂ ರೇಡಿಯೋ ಗಾಳಿಗೆ ಬಂದದ್ದು 2008ರ ಅಕ್ಟೋಬರ್ 15ರಂದು.

ಆದರೆ ಎರಡು ಮಾತು ಹೇಳಲೇಬೇಕು. ಒಂದು, ಕೇಬಲ್ ತಂತಿ ಹೋಗೋದು ಟಿವಿ ಇದ್ದ ಮನೆಗೆ, ತಿಂಗಳ ಬಾಡಿಗೆ ಕಟ್ಟುವ ಮನೆಗೆ. ಊರಿನ ಕೊನೆಯ ಸಾಲಿನ ಮನೆಗಳನ್ನ ತಂತಿ ಮುಟ್ಟೋದು ಕೊನೆಗೇ. ಎರಡು, ಭಾಷೆ. ಬಂಗಾರಪೇಟೆ ಕಡೆ ಬಹಳ ಮನೆಗಳಲ್ಲಿ ತೆಲುಗು, ಕೆಲವು ಕಡೆ ತಮಿಳು. ರೇಡಿಯೋದ ಕನ್ನಡ ಪಕ್ಕದ ಮನೆಯ ಕನ್ನಡವಾ, ಮೈಕ್ ಮುಂದೆ ಕೂತ ಕೂಡಲೇ ನೆಟ್ಟಗಾಗುವ ಆಕಾಶವಾಣಿಯ ಕನ್ನಡವಾ ಅನ್ನೋದನ್ನ ಯಾವ ಸಮೀಕ್ಷೆಯ ನಮೂನೆಯೂ ಕೇಳೋದಿಲ್ಲ. ('ಆಕಾಶವಾಣಿ' ಅನ್ನೋ ಹೆಸರು ಕೂಡ ದಿಲ್ಲಿಯದ್ದಲ್ಲ ಅನ್ನೋದು ನೆನಪಿರಲಿ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ನಡೆಸಿದ ಪುಟ್ಟ ನಿಲಯದ ಹೆಸರದು. ಆದರೆ ಪುರಾಣದಲ್ಲಿ ಆಕಾಶವಾಣಿಗೆ ಎದುರು ಮಾತಾಡಿದವರನ್ನ ನಾನು ಕಂಡಿಲ್ಲ. ಕೇಳೋದಷ್ಟೇ ಕೆಲಸ.)

'ನಮ್ಮ ಧ್ವನಿ'ಯನ್ನ ಹೊಗಳುವವರು ಹೆಚ್ಚಾಗಿ ಹೇಳುವ ಕತೆ ನೀರಿನದು. ಊರಿನ ನೀರಿನ ತೊಂದರೆಯನ್ನ ಜನ ಮೈಕಿನಲ್ಲಿ ಹೇಳಿಕೊಂಡರು, ಅದು ಪ್ರಸಾರವಾಯ್ತು, ಪಂಚಾಯ್ತಿಯವರು ಎದ್ದು ಕೆಲಸ ಮಾಡಿದ್ರು. ಒಳ್ಳೇ ಕತೆ. ಇದನ್ನ 2006ರ ನವೆಂಬರಿನಲ್ಲಿ ಬಂದ ನೀತಿಯ ಪಕ್ಕ ಇಟ್ಟು ಓದೋಣ. ಆ ನೀತಿ ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆಯಿತು. ಅದೇ ನೀತಿ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳನ್ನ ನಿಷೇಧಿಸಿತು. ಆಮೇಲೆ ಸ್ವಲ್ಪ ಸಡಿಲ ಮಾಡಿದ್ರು: ಆಕಾಶವಾಣಿಯ ಸುದ್ದಿಯನ್ನ ಇದ್ದ ಹಾಗೆ ಇಲ್ಲವೇ ಊರ ಮಾತಿಗೆ ತಿರುಗಿಸಿ ಕೊಡಬಹುದು. ಹವಾಮಾನ, ಪರೀಕ್ಷೆ, ನೀರು, ಕರೆಂಟು ಇಂಥವು ಮಾಹಿತಿ, ಸುದ್ದಿ ಅಲ್ಲ.

ಈ ಗೆರೆ ಎಲ್ಲಿ ಬಿದ್ದಿದೆ ನೋಡಿ. 'ನಲ್ಲಿಯಲ್ಲಿ ನೀರು ಬರ್ತಿಲ್ಲ' ಅನ್ನೋದು ಮಾಹಿತಿ. 'ಕೇರಿಯ ನಲ್ಲಿಗೆ ನೀರು ಬಿಡ್ತಿಲ್ಲ, ಬಿಡದೇ ಇರೋದು ಇಂಥವರು, ಯಾಕಂದ್ರೆ ಹೋದ ವಾರ ನಾವು ತಮಟೆ ಹೊಡೆಯೋಕೆ ಹೋಗಲಿಲ್ಲ' ಅನ್ನೋದು ಸುದ್ದಿ. ಪೈಪು ಒಡೆದಿದ್ದರೆ ಹೇಳಬಹುದು. ಪೈಪು ಕಟ್ಟಿದವರ ಹೆಸರು ಹೇಳುವ ಹಾಗಿಲ್ಲ. ಬೂದಿಕೋಟೆಯ ನೀರಿನ ಕತೆ ಇಷ್ಟು ಸಲೀಸಾಗಿ ಎಲ್ಲ ವರದಿಗಳಲ್ಲೂ ಓಡಾಡೋದಕ್ಕೆ ಕಾರಣ ಅದು ಒಳ್ಳೇ ಕತೆ ಅನ್ನೋದು ಮಾತ್ರ ಅಲ್ಲ, ಅದರಲ್ಲಿ ಖಳನಾಯಕ ಇಲ್ಲ ಅನ್ನೋದೂ ಹೌದು.

ಈಗ ಈ ನಿಯಮವನ್ನ ನಮ್ಮ ಜಿಲ್ಲೆಗೆ ತಂದು ಇಡ್ತೀನಿ. ಧರ್ಮಪುರಿ ಜಿಲ್ಲೆಯ ಹರೂರು ತಾಲ್ಲೂಕಿನಲ್ಲಿ ಸಿತ್ತೇರಿ ಬೆಟ್ಟದ ಬುಡದಲ್ಲಿ ವಾಚಾತಿ ಅನ್ನೋ ಊರು. ಅಲ್ಲಿರುವವರು ಮಲಯಾಳಿ ಬುಡಕಟ್ಟಿನವರು (ಕೇರಳದವರಲ್ಲ, ಮಲೆಯವರು ಅನ್ನೋ ಅರ್ಥದಲ್ಲಿ). 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳ ಜನ ಗಂಧದ ಕಳ್ಳಸಾಗಣೆ ಹುಡುಕುವ ನೆಪದಲ್ಲಿ ಊರಿಗೆ ನುಗ್ಗಿದ್ರು. ಮನೆ ಲೂಟಿ ಆಯ್ತು, ಜನರನ್ನ ಹೊಡೆದು ಎಳೆದೊಯ್ದರು, ಹದಿನೆಂಟು ಹೆಂಗಸರ ಮೇಲೆ ಅತ್ಯಾಚಾರ ಆಯ್ತು. ಸರ್ಕಾರ ಮೊದಲು ಅಲ್ಲಗಳೆಯಿತು. ಸುದ್ದಿ ಹೊರಗೆ ಬಂದದ್ದು ಬುಡಕಟ್ಟು ಸಂಘದವರೂ ಸಿಪಿಎಂ ಕಾರ್ಯಕರ್ತರೂ ಬೆಟ್ಟ ಹತ್ತಿ ಹೋಗಿ ಕೇಳಿಕೊಂಡ ಮೇಲೆ. 269 ನೌಕರರು ತಪ್ಪಿತಸ್ಥರು ಅಂತ ಧರ್ಮಪುರಿಯ ಸೆಷನ್ಸ್ ಕೋರ್ಟು ಹೇಳಿದ್ದು 2011ರ ಸೆಪ್ಟೆಂಬರ್ 29ಕ್ಕೆ. ಅಷ್ಟರಲ್ಲಿ ಅವರಲ್ಲಿ 54 ಜನ ಸತ್ತೇ ಹೋಗಿದ್ದರು. ಮದ್ರಾಸ್ ಹೈಕೋರ್ಟು ಅದನ್ನ ಎತ್ತಿಹಿಡಿದದ್ದು 2023ರ ಸೆಪ್ಟೆಂಬರ್ 29ಕ್ಕೆ.

2006ರ ನೀತಿಯ ಪ್ರಕಾರ ನಡೆಯುವ ಒಂದು ಸಮುದಾಯ ಬಾನುಲಿ 1992ರಲ್ಲಿ ಹರೂರಿನಲ್ಲಿ ಇತ್ತು ಅಂತ ಇಟ್ಕೊಳ್ಳಿ. ಜೂನ್ 21ರ ಬೆಳಿಗ್ಗೆ ಅದು ಏನು ಪ್ರಸಾರ ಮಾಡಬಹುದಿತ್ತು? ಮಳೆಯ ಮುನ್ಸೂಚನೆ. ಮಕ್ಕಳಿಗೆ ಲಸಿಕೆ. ಬಹುಶಃ ಗಂಧದ ಸಸಿ ನೆಡುವ ವಿಧಾನ. ಆ ಹೆಂಗಸರ ಸಾಕ್ಷಿ ಮಾತ್ರ ನಿಯಮ ಉಲ್ಲಂಘನೆ ಆಗ್ತಿತ್ತು, ಯಾಕಂದ್ರೆ ಅದು ಸುದ್ದಿ. ಇದಕ್ಕಿಂತ ಹತ್ತಿರದ್ದು, 2012ರ ನವೆಂಬರ್ 7. ಧರ್ಮಪುರಿಯ ನಾಯಕ್ಕನ್‌ಕೊಟ್ಟೈ ಬಳಿ ನತ್ತಂ, ಅಣ್ಣಾನಗರ, ಕೊಂಡಂಪಟ್ಟಿ ಕಾಲನಿಗಳಲ್ಲಿ ಒಂದು ಅಂತರ್ಜಾತಿ ಮದುವೆಯ ನಂತರ ವನ್ನಿಯರ್ ಗುಂಪು ದಲಿತರ ಇನ್ನೂರಕ್ಕೂ ಹೆಚ್ಚು ಮನೆಗಳ ಮೇಲೆ ಬಿದ್ದು ಲೂಟಿ ಮಾಡಿ ಸುಟ್ಟಿತು. ಜಾತಿಯ ಹೆಸರು ತೆಗೆದುಬಿಟ್ಟರೆ ಉಳಿಯೋದು 'ಬೆಂಕಿ ಅನಾಹುತ'. ಅದು ಮಾಹಿತಿ, ಅದಕ್ಕೆ ಅನುಮತಿ ಇದೆ.

ಇಲ್ಲಿ 'ಡೀಕಲೋನಿಯಲ್' ಚೌಕಟ್ಟು ನನಗೆ ಅರ್ಧ ದಾರಿಯವರೆಗೆ ಸಾಲುತ್ತೆ. ಅರಣ್ಯ ಕಾನೂನು ವಸಾಹತಿನದು, ಟೆಲಿಗ್ರಾಫ್ ಕಾಯ್ದೆ ವಸಾಹತಿನದು, ಸರಿ. 2023ರ ದೂರಸಂಪರ್ಕ ಕಾಯ್ದೆ ಆ ಹಳೇದನ್ನ ಬದಲಿಸಿತು, ಆದರೆ ಅನುಮತಿ ಕೇಳುವ ಕೌಂಟರು ಅಲ್ಲೇ ಇದೆ. ಅರ್ಜಿ ಹಾಕೋಕೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆ ಬೇಕು, ಇಲಾಖೆಗಳ ಒಪ್ಪಿಗೆ ಬೇಕು. ಕೇರಿಯ ಯುವಕ ಸಂಘಕ್ಕೆ ಅದು ಎಟುಕೋದಿಲ್ಲ, ಹಾಗಾಗಿ ನಡುವೆ ಒಂದು ಸ್ವಯಂಸೇವಾ ಸಂಸ್ಥೆ ಬರುತ್ತೆ. ಇಷ್ಟನ್ನ ವಸಾಹತಿನ ಲೆಕ್ಕಕ್ಕೆ ಬರೆಯಬಹುದು. ಆದರೆ ನತ್ತಂ ಕಾಲನಿಯ ಬೆಂಕಿಯನ್ನ ಬ್ರಿಟಿಷರ ಲೆಕ್ಕಕ್ಕೆ ಬರೆದು ಕೈ ತೊಳ್ಕೊಳ್ಳೋಕೆ ಆಗೋದಿಲ್ಲ. ಈವ್ ಟಕ್, ವೇಯ್ನ್ ಯಾಂಗ್ 2012ರಲ್ಲಿ ಎಚ್ಚರಿಸಿದ್ದರು, ನಿರ್ವಸಾಹತೀಕರಣ ರೂಪಕ ಅಲ್ಲ, ಅದು ನೆಲದ ಪ್ರಶ್ನೆ ಅಂತ. ಅವರ ಎಚ್ಚರಿಕೆಯನ್ನ ಇಲ್ಲಿಗೆ ತಂದರೆ ನಾವು ಕೇಳಬೇಕಾದದ್ದು: ಯಾರ ನೆಲ, ಯಾರ ಬಾವಿ, ಯಾರ ಬೀದಿ? ಆ ಪ್ರಶ್ನೆಗೆ ಉತ್ತರ 1792ಕ್ಕಿಂತ ಹಿಂದೆಯೂ ಹೋಗುತ್ತೆ.

ಬೂದಿಕೋಟೆ ಇರುವ ತಾಲ್ಲೂಕಿನಲ್ಲೇ, ನೂರು ವರ್ಷ ಹಿಂದೆ, ಇನ್ನೊಂದು ಸಮುದಾಯ ಮಾಧ್ಯಮ ಇತ್ತು. ನಮ್ಮ ಮಾಧ್ಯಮ ಅಧ್ಯಯನದ ಪಠ್ಯಗಳಲ್ಲಿ ಅದು ಕಾಣೋದೇ ಇಲ್ಲ. ಕೋಲಾರ ಚಿನ್ನದ ಗಣಿ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಊರು. ಪಾತಾಳಕ್ಕೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಸೇಲಂ ಕಡೆಯಿಂದ ಬಂದ ತಮಿಳು ದಲಿತರು. ನಮ್ಮ ಧರ್ಮಪುರಿಯೂ ಆಗ ಸೇಲಂನಲ್ಲೇ ಇತ್ತು. ಮಾರಿಕುಪ್ಪಂ, ಚಾಂಪಿಯನ್ ರೀಫ್‌ನಂಥ ಕಡೆ ತಗಡಿನ ಲೈನುಗಳಲ್ಲಿ ಬದುಕಿದವರು. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ 'ಒರು ಪೈಸಾ ತಮಿಳನ್' ಪತ್ರಿಕೆ ಶುರು ಮಾಡಿದಾಗ, ಹೆಸರೇ ಹೇಳುವ ಹಾಗೆ ಬೆಲೆ ಒಂದು ಪೈಸೆ. ಅದರ ಓದುಗರಲ್ಲಿ ಗಣಿಯ ಲೈನಿನವರೂ ಇದ್ದರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. 1914ರಲ್ಲಿ ಪಂಡಿತರು ತೀರಿಕೊಂಡರು. 1920ರ ದಶಕದಲ್ಲಿ 'ತಮಿಳನ್' ಜಿ. ಅಪ್ಪಾದುರೈಯವರ ಸಂಪಾದಕತ್ವದಲ್ಲಿ ಗಣಿಯ ಊರಿನಿಂದಲೇ ಮತ್ತೆ ಹೊರಬಂತು. ಚಾಂಪಿಯನ್ ರೀಫ್‌ನ ಸಿದ್ಧಾರ್ಥ ಪುಸ್ತಕ ಶಾಲೆ ಪಂಡಿತರ ಬರಹಗಳನ್ನ ಪುಸ್ತಕ ಮಾಡಿ ಹಂಚಿತು. ಇದಕ್ಕೆ ಯುನೆಸ್ಕೋ ಇರಲಿಲ್ಲ, ತರಬೇತಿ ಕಾರ್ಯಾಗಾರ ಇರಲಿಲ್ಲ. ಕೂಲಿ ಕಾಸು ಇತ್ತು.

ಈ ಪತ್ರಿಕೆ ನನ್ನ ಅಳತೆಗೋಲಿಗೆ ಸಲೀಸಾಗಿ ಸಿಗುತ್ತೆ. ಅಲ್ಲಿ ಓದುಗ ಪ್ರಶ್ನೆ ಕೇಳ್ತಾನೆ, ಪಂಡಿತರು ಹೆಸರು ಹಿಡಿದು ಉತ್ತರ ಕೊಡ್ತಾರೆ, ಜಾತಿಯ ಇತಿಹಾಸವನ್ನೇ ತಿರುಗಿಸಿ ಬರೀತಾರೆ. ಆದರೆ ನಿರ್ವಸಾಹತೀಕರಣದ ಅಳತೆಗೆ ಇಟ್ಟರೆ ತಬ್ಬಿಬ್ಬಾಗ್ತೀವಿ. ಅಯೋತಿದಾಸರು ಸ್ವದೇಶಿ ಚಳವಳಿಯನ್ನ ಕಟುವಾಗಿ ಟೀಕಿಸಿದವರು. ಜನಗಣತಿಯ ಕಾಲಂ ಅನ್ನೋ ವಸಾಹತಿನ ಸಾಧನವನ್ನೇ ಹಿಡಿದು, ತನ್ನ ಜನರನ್ನ ಮೂಲ ತಮಿಳರು ಅಂತ ಬರೆಸಿ ಅಂದವರು. ಅಚ್ಚಿನ ಯಂತ್ರ, ಅಂಚೆ, ಕಂಪನಿಯ ಕೂಲಿ ಎಲ್ಲ ವಸಾಹತಿನದೇ. ಹಾಗಂತ ಆ ಜನ ಕಂಪನಿಯ ಬಾಲ ಹಿಡಿದವರೂ ಅಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು ಅಂದಾಗ ಇಡೀ ಗಣಿ ಕೆಲಸ ನಿಲ್ಲಿಸಿತು. ಅದೇ ಜನ ಒಂದು ಕಡೆ ವಸಾಹತಿನ ಯಂತ್ರವನ್ನ ಜಾತಿಯ ವಿರುದ್ಧ ಬಳಸಿದ್ರು, ಇನ್ನೊಂದು ಕಡೆ ವಸಾಹತಿನ ಕಂಪನಿಯ ವಿರುದ್ಧ ನಿಂತರು. ಎರಡನ್ನೂ ಒಟ್ಟಿಗೆ ಹಿಡಿಯೋಕೆ ಆಗದ ಸಿದ್ಧಾಂತ ಯಾವುದೇ ಇರಲಿ, ಅದನ್ನ ದುರಸ್ತಿಗೆ ಕಳಿಸಬೇಕು, ಜನರನ್ನಲ್ಲ. ಗಣಿ ಮುಚ್ಚಿದ್ದು 2001ರ ಫೆಬ್ರವರಿ ಕೊನೆಗೆ. ಬೂದಿಕೋಟೆಯಲ್ಲಿ ಮೈಕು ಬಂದದ್ದು ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಒಂದೇ ತಾಲ್ಲೂಕಿನ ಈ ಎರಡು ಕತೆಗಳನ್ನ ಒಂದೇ ಪ್ರಬಂಧದಲ್ಲಿ ಯಾರೂ ಬರೆಯದೇ ಇರೋದಕ್ಕೆ ಒಂದು ಕಾರಣ ಭಾಷೆ. ಅದು ತಮಿಳಿನದು, ಇದು ಕನ್ನಡದ್ದು ಅಂತ ನಾವೇ ಇಲಾಖೆ ಹಂಚಿಕೊಂಡಿದ್ದೀವಿ.

ಭಾಷೆಯ ವಿಚಾರದಲ್ಲಿ ಇನ್ನೊಂದು ಮಾತು. ಧರ್ಮಪುರಿ, ಕೃಷ್ಣಗಿರಿ ಕಡೆಯ ಕನ್ನಡ ಅಂದ ಕೂಡಲೇ ನೊಳಂಬರ ಶಾಸನ ತೋರಿಸ್ತೀವಿ, ಒಕ್ಕಲಿಗ, ಲಿಂಗಾಯತ, ಕುರುಬ ಮನೆಗಳ ಲೆಕ್ಕ ಹೇಳ್ತೀವಿ. ಪಶ್ಚಿಮ ತಮಿಳುನಾಡಿನ ಅರುಂಧತಿಯರ್ ಮನೆಗಳಲ್ಲಿ ತೆಲುಗಿನ ಜೊತೆ ಕನ್ನಡವೂ ಇದೆ. ಆ ಕನ್ನಡ ನಮ್ಮ ಗಡಿನಾಡ ಸಮ್ಮೇಳನಗಳ ವೇದಿಕೆ ಹತ್ತಿದ್ದನ್ನ ನಾನು ಕಂಡಿಲ್ಲ. ಭಾಷಾ ಅಲ್ಪಸಂಖ್ಯಾತರು ಅಂದ ಮಾತ್ರಕ್ಕೆ ಅಂಚಿನವರು ಆಗಿಬಿಡೋದಿಲ್ಲ. ಮತ್ತೆ, ಅಕ್ಷರ ಬಾರದ ಕನ್ನಡ ನಮ್ಮದು. ಮೊಬೈಲಿನಲ್ಲಿ ನಾವು ಕನ್ನಡ ಬರೆಯೋದಿಲ್ಲ, ಮಾತಾಡಿ ಕಳಿಸ್ತೀವಿ. ಹಾಗಾಗಿ ದನಿಯ ಮಾಧ್ಯಮಕ್ಕೆ ಇಲ್ಲಿ ಇರುವ ಅರ್ಥವೇ ಬೇರೆ. ಅದು ಫ್ಯಾಷನ್ ಅಲ್ಲ, ಇರೋ ದಾರಿಯೇ ಅದೊಂದು.

ಮತ್ತೆ ಡಂಗುರಕ್ಕೆ ಬರ್ತೀನಿ. ಕರ್ನಾಟಕದಲ್ಲಿ 1961ರ ಕಾಯ್ದೆ ಗ್ರಾಮ ಹುದ್ದೆಗಳನ್ನ ರದ್ದು ಮಾಡಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ಹಳ್ಳಿಗಳಲ್ಲಿ ತಮಟೆ ಹೊಡೆಯೋದಿಲ್ಲ ಅಂದರು. ಅದೇ ಹುಡುಗರು ತಮ್ಮ ಸಭೆಯಲ್ಲಿ, ತಮ್ಮ ಹಾಡಿಗೆ ತಮಟೆ ಹೊಡೆದರು. ವಾದ್ಯ ಅದೇ, ಚರ್ಮ ಅದೇ, ಅಪ್ಪಣೆ ಬದಲಾಗಿತ್ತು. ಸಮುದಾಯ ಮಾಧ್ಯಮ ಅಂದ್ರೆ ಏನು ಅಂತ ನನಗೆ ಯಾರಾದ್ರೂ ಕೇಳಿದ್ರೆ ನಾನು ಸ್ಟುಡಿಯೋ ತೋರಿಸೋದಿಲ್ಲ, ಈ ನಿರಾಕರಣೆಯನ್ನ ತೋರಿಸ್ತೀನಿ. ತಮಿಳುನಾಡಿನಲ್ಲಿ 2022ರ ಆಗಸ್ಟಿನಲ್ಲಿ ಮುಖ್ಯ ಕಾರ್ಯದರ್ಶಿಗಳು ಎಲ್ಲ ಕಲೆಕ್ಟರುಗಳಿಗೆ ಪತ್ರ ಬರೆದು, ತಂಡೋರಾ ಹೊಡೆಸೋದು ನಿಲ್ಲಿಸಿ, ವಾಹನದ ಮೇಲೆ ಧ್ವನಿವರ್ಧಕ ಇಟ್ಟು ಪ್ರಕಟಿಸಿ ಅಂದರು. 2022! ಅಲ್ಲಿಯವರೆಗೂ ಅದು ನಡೀತಿತ್ತು ಅಂತಲೇ ಅರ್ಥ. ಒಳ್ಳೇ ಆದೇಶ. ಕೈ ಬಿಡುಗಡೆ ಆಯ್ತು, ಸಾರುವ ಮಾತು ಮಾತ್ರ ಅದೇ ಕಚೇರಿಯದು.

ಈಗ ದೇಶದಲ್ಲಿ ಐನೂರರ ಆಸುಪಾಸು ಸಮುದಾಯ ಬಾನುಲಿ ನಿಲಯಗಳಿವೆ. ಅವು ಉಸಿರಾಡೋದು ಬಹುಪಾಲು ಸರ್ಕಾರಿ ಜಾಹೀರಾತಿನಿಂದ. 2024ರಲ್ಲಿ ದರ ಹೆಚ್ಚಿಸಿದ್ರು, ಹತ್ತು ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯ್ತು. ಗಂಟೆಗೆ 7 ನಿಮಿಷ ಇದ್ದ ಜಾಹೀರಾತು ಸಮಯ 12 ನಿಮಿಷ ಆಯ್ತು. ಯೋಜನೆಯ ಪ್ರಕಟಣೆ ಸಾರಿ, ಕೂಲಿ ತಗೊಳ್ಳಿ. ಸ್ವಂತ ಸುದ್ದಿ ಬೇಡ. ಇದು ಹೊಸ ಮಾಧ್ಯಮವಾ, ಡಂಗುರದ ಎಫ್‌ಎಂ ಆವೃತ್ತಿಯಾ? 'ಅದೇನು ಸ್ಕೀಮಾ?' ಅನ್ನೋ ಪ್ರಶ್ನೆಯನ್ನ ನಾನು ಗಂಭೀರವಾಗಿ ತಗೊಳ್ಳೋದು ಇದಕ್ಕೇ. ನಮ್ಮ ಕಡೆಯವರಿಗೆ ಗೊತ್ತು, ಬಾಗಿಲಿಗೆ ಬರುವ ದನಿ ಸಾಮಾನ್ಯವಾಗಿ ಸ್ಕೀಮಿನದು ಅಂತ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

ಅಧ್ಯಕ್ಷತೆ ವಹಿಸಿದ್ದ ಪ್ರಾಧ್ಯಾಪಕಿ: ಸ್ವಲ್ಪ ಕಟು ಆಯ್ತು ಅನ್ನಿಸಲ್ವಾ? ಬೂದಿಕೋಟೆಯ ಆ ಹೆಂಗಸರು ಮೊದಲ ಸಲ ಮೈಕ್ ಹಿಡಿದದ್ದು, ಮನೆಯಿಂದ ಸ್ಟುಡಿಯೋವರೆಗೆ ನಡೆದು ಬಂದದ್ದು, ಇದಕ್ಕೆ ನಿಮ್ಮ ಅಳತೆಗೋಲಿನಲ್ಲಿ ಬೆಲೆಯೇ ಇಲ್ವಾ?

ಉತ್ತರ: ಇದೆ ಮೇಡಂ, ತುಂಬಾ ಇದೆ. ಅಪ್ಪಣೆ ಇಲ್ಲದೆ ಮಾತಾಡೋ ಅಭ್ಯಾಸ ಸಣ್ಣ ಸಂಗತಿ ಅಲ್ಲ. ನನ್ನ ತಕರಾರು ಅವರ ಮೇಲಲ್ಲ, ಅವರ ನಡಿಗೆಯನ್ನ ಸ್ಟುಡಿಯೋ ಬಾಗಿಲಲ್ಲೇ ನಿಲ್ಲಿಸಿ ಅದಕ್ಕೆ 'ಚಳವಳಿ' ಅಂತ ಹೆಸರಿಟ್ಟು ವರದಿ ಮುಗಿಸುವ ನಮ್ಮ ಮೇಲೆ. ಸುದ್ದಿಯ ನಿಷೇಧವನ್ನ ಪ್ರಶ್ನಿಸಿ ಕಾಮನ್ ಕಾಸ್ ಸಂಸ್ಥೆ 2013ರಲ್ಲೇ ಸುಪ್ರೀಂ ಕೋರ್ಟಿಗೆ ಹೋಯ್ತು. ನಮ್ಮ ಎಷ್ಟು ಪ್ರಬಂಧಗಳಲ್ಲಿ ಅದರ ಪ್ರಸ್ತಾಪ ಇದೆ? ಸಬಲೀಕರಣದ ಮೇಲೆ ಅಧ್ಯಾಯ ಇರುತ್ತೆ, ಆ ಅರ್ಜಿಯ ಮೇಲೆ ಅಡಿಟಿಪ್ಪಣಿಯೂ ಇರೋದಿಲ್ಲ.

ಒಬ್ಬ ಸಂಶೋಧನಾ ವಿದ್ಯಾರ್ಥಿ: ಅಕ್ಕಾ, ಈಗ ಎಲ್ಲರ ಕೈಲೂ ಫೋನಿದೆ, ಯೂಟ್ಯೂಬ್ ಇದೆ. ಪರವಾನಗಿ ಬೇಡ, ಸುದ್ದಿಗೆ ನಿಷೇಧ ಇಲ್ಲ. ಇನ್ನೂ ರೇಡಿಯೋ ನೀತಿಯ ಬಗ್ಗೆ ಯಾಕೆ ಜಗಳ?

ಉತ್ತರ: ಒಳ್ಳೇ ಪ್ರಶ್ನೆ. ಫ್ರಾಂಟ್ಸ್ ಫ್ಯಾನನ್ 1959ರಲ್ಲಿ ಅಲ್ಜೀರಿಯಾದ ರೇಡಿಯೋ ಬಗ್ಗೆ ಬರೆದದ್ದನ್ನ ಮತ್ತೆ ಓದು. ಫ್ರೆಂಚರ ನಿಲಯ ಇದ್ದಾಗ ಅಲ್ಜೀರಿಯನ್ನರ ಮನೆಗೆ ರೇಡಿಯೋ ಪೆಟ್ಟಿಗೆ ಬರಲಿಲ್ಲ. 1956ರಲ್ಲಿ ಹೋರಾಟಗಾರರ ಪ್ರಸಾರ ಶುರುವಾದ ಮೇಲೆ ಅಂಗಡಿಯಲ್ಲಿದ್ದ ಪೆಟ್ಟಿಗೆಗಳೆಲ್ಲ ಖಾಲಿ ಆದವು. ಫ್ರೆಂಚರು ಆ ಅಲೆಯನ್ನ ಕೆಡಿಸ್ತಿದ್ರು, ಒಬ್ಬ ಕಿವಿ ಹಚ್ಚಿ ಕೂತು ತುಂಡು ತುಂಡು ಕೇಳಿಸಿದ್ದನ್ನ ಮಿಕ್ಕವರಿಗೆ ಹೇಳ್ತಿದ್ದ, ಎಲ್ಲರೂ ಸೇರಿ ಆ ಸುದ್ದಿಯನ್ನ ಪೂರ್ತಿ ಮಾಡ್ತಿದ್ರು. ಅಂದ್ರೆ ಸಲಕರಣೆ ಅಲ್ಲ, ಕೇಳುವವರ ಕೂಟ ಮಾಧ್ಯಮ. ಫೋನಿನಲ್ಲಿ ಎಲ್ಲರೂ ಹೇಳಬಹುದು, ನಿಜ. ಆದರೆ ಹೇಳಿದವನು ಒಬ್ಬನೇ ಸಿಕ್ಕಿಹಾಕ್ಕೊಳ್ತಾನೆ. ಮನೆ ಸುಟ್ಟ ರಾತ್ರಿ ವಿಡಿಯೋ ಹಾಕಿದ ಹುಡುಗನ ಹೆಸರು, ನಂಬರು ಬೆಳಗಾಗೋದರೊಳಗೆ ಊರಿಗೆಲ್ಲ ಗೊತ್ತಾಗಿರುತ್ತೆ. ನಿಲಯ ಅಂದ್ರೆ ಹತ್ತು ಜನ ಒಟ್ಟಿಗೆ ಸಹಿ ಹಾಕಿದ ಹಾಗೆ. ಗಣಿಯ ಲೈನಿನಲ್ಲಿ ಪತ್ರಿಕೆ ಮಾಡಿದ್ದೂ ಅದನ್ನೇ.

ಅದೇ ವಿದ್ಯಾರ್ಥಿ: ಹಾಗಾದ್ರೆ ನಿಷೇಧ ಇರೋವರೆಗೂ ನಿಲಯದವರು ಸುಮ್ಮನೆ ಕೂರಬೇಕಾ?

ಉತ್ತರ: ಕೂರೋದಿಲ್ಲವಲ್ಲ. ನಾಟಕ ಮಾಡ್ತಾರೆ, ಹಾಡು ಕಟ್ತಾರೆ, 'ಒಂದಾನೊಂದು ಊರಿನಲ್ಲಿ' ಅಂತ ಶುರು ಮಾಡ್ತಾರೆ. ಕತೆಗೆ ನಿಷೇಧ ಇಲ್ಲ. ಕೇಳುವವರಿಗೆ ಅದು ಯಾವ ಊರು ಅಂತ ಗೊತ್ತಿರುತ್ತೆ. ನಾವು ಅದನ್ನ ಜಾನಪದ ಅಂತ ವರ್ಗೀಕರಿಸಿ ಬೇರೆ ಕಪಾಟಿನಲ್ಲಿ ಇಡ್ತೀವಿ. ನಿನ್ನ ಕ್ಷೇತ್ರಕಾರ್ಯ ಇನ್ನೂ ಶುರುವಾಗಿಲ್ಲ ಅಲ್ವಾ? ಯಾವ ನಿಲಯಕ್ಕೆ ಹೋದರೂ ಮೊದಲು ಸುದ್ದಿ ವಿಭಾಗ ಕೇಳಬೇಡ, ಅದು ಇರೋದಿಲ್ಲ. ಆ ವರ್ಷದ ನಾಟಕಗಳ ಪಟ್ಟಿ ಕೇಳು, ಪಕ್ಕದಲ್ಲಿ ಅದೇ ತಿಂಗಳ ಪೊಲೀಸ್ ಠಾಣೆಯ ದೂರುಗಳನ್ನ ಇಟ್ಕೊಂಡು ಓದು.